ಟೇಪು ಹಿಡಿಯೋರು ಯಾರು?

ಆಫೀಸಿನ ಗೆಳೆಯರನ್ನು ಹಾನಗಲ್ಲಿನ ತಾರಕೇಶ್ವರ ಗುಡಿಗೆ ಕರಕೊಂಡು ಹೋಗಿದ್ದೆ. ಮಂಟಪದ ಒಳಛತ್ತಿನಲ್ಲಿ ಕಲ್ಲಿನ ಕಮಲ ಕೆಳಮುಖವಾಗಿ ತೂಗುತ್ತದೆ. ಎಲ್ಲರೂ ಕತ್ತೆತ್ತಿ ನೋಡಿದರು, ಸೆಲ್ಫಿ ತಗೊಂಡರು. ಒಬ್ಬಳು ಕೇಳಿದಳು: "ಇಷ್ಟು ಭಾರ ಕೆಳಗೆ ಬೀಳದ ಹಾಗೆ ಹೇಗೆ ನಿಲ್ಲಿಸಿದ್ರು?" ನಾನು ಬಿಇ ಓದಿದವ, ಇದೇ ಸೀಮೆಯಲ್ಲಿ ಬೆಳೆದವ. "ಎಲ್ಲಾ ಜಕಣಾಚಾರಿ ಕೆಲಸ" ಅಂತ ನುಣುಚಿಕೊಂಡೆ.

ಆ ಉತ್ತರಕ್ಕೆ ನನಗೇ ನಾಚಿಕೆಯಾಗಿದೆ. ನಮ್ಮ ಹುಡುಗರ ವಾಟ್ಸಾಪ್ ಗ್ರೂಪುಗಳಲ್ಲಿ ಗತವೈಭವಕ್ಕೇನೂ ಬರವಿಲ್ಲ. ಶಿಗ್ಗಾಂವಿ ತಾಲೂಕಿನ ಬಂಕಾಪುರದ ನಗರೇಶ್ವರ ಗುಡಿ, ಹಿರೇಕೆರೂರು ತಾಲೂಕಿನ ಅಬಲೂರಲ್ಲಿ ಏಕಾಂತದ ರಾಮಯ್ಯನ ಕಥೆ ಹೇಳುವ ಶಾಸನ, ಸವಣೂರಿನ ನವಾಬರ ಕಾಲದ ಕಟ್ಟಡ, ಎಲ್ಲದರ ಫೋಟೋನೂ ಇದೆ. ಅಳತೆ, ಕಾಲ, ಆಧಾರ ಕೇಳಿದರೆ ಮಾತ್ರ ಗ್ರೂಪು ಗಪ್‌ಚುಪ್. ಮನೆಗೆ ಬಂದು ಹುಡುಕಿದಾಗ ನನ್ನ ಕೈಗೆ ಸಿಕ್ಕಿದ್ದು ಹೆನ್ರಿ ಕಸಿನ್ಸ್ ಎಂಬ ಪರದೇಶಿ ಅಧಿಕಾರಿ ನಮ್ಮ ಸೀಮೆಯ ಚಾಲುಕ್ಯ ಗುಡಿಗಳ ಬಗ್ಗೆ 1926ರಲ್ಲಿ ತಂದ ಪುಸ್ತಕ!

"ಸರ್ಕಾರ ಏನೂ ಮಾಡಲ್ಲ ಬಿಡ್ರಿ" ಅಂತೀರಿ. ಅಲ್ರೀ, ಈ ವಿದ್ಯೆ ಬೆಳೆದದ್ದು ಬರೀ ಸರ್ಕಾರದಿಂದಲೇ? 1907ರಲ್ಲಿ ಕಲ್ಕತ್ತದಲ್ಲಿ ಕಲಾಸಕ್ತರು ಸೇರಿ ಇಂಡಿಯನ್ ಸೊಸೈಟಿ ಆಫ್ ಓರಿಯೆಂಟಲ್ ಆರ್ಟ್ ಕಟ್ಟಿದರು. 1933ರಲ್ಲಿ ಅದರ ವಿದ್ವತ್ ಪತ್ರಿಕೆ ಶುರುವಾಯಿತು. ಸಂಪಾದಕರು ಅವನೀಂದ್ರನಾಥ ಟ್ಯಾಗೋರ್ ಮತ್ತು ಸ್ಟೆಲ್ಲಾ ಕ್ರಾಮ್ರಿಶ್. ಬೆಂಗಳೂರಿನ ಮಿಥಿಕ್ ಸೊಸೈಟಿ ಹುಟ್ಟಿದ್ದು 1909ರಲ್ಲಿ. ಅದರ ಮೊದಲ ಅಧ್ಯಕ್ಷ ಎ.ಎಂ. ಟಬಾರ್ಡ್ ಒಬ್ಬ ಪಾದ್ರಿ. ಉಪನ್ಯಾಸ, ತ್ರೈಮಾಸಿಕ, ಲೈಬ್ರರಿ ಅಂತ ಬೆಳೆದ ಆ ಸಂಸ್ಥೆ ಈಗ ಬೆಂಗಳೂರಿನ ಶಾಸನಗಳನ್ನು ಥ್ರೀಡಿ ಸ್ಕ್ಯಾನ್ ಮಾಡಿಸುತ್ತಿದೆ. ನಮ್ಮ ನಾಲ್ಕೂ ತಾಲೂಕು 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಅದೇ ಧಾರವಾಡದಲ್ಲಿ ಇತಿಹಾಸ ಸಂಶೋಧನೆಗೆಂದು 1914ರಲ್ಲಿ ಮಂಡಳ ಕಟ್ಟಿದ ಆಲೂರು ವೆಂಕಟರಾಯರು ಕಾನೂನು ಓದಿದ ವಕೀಲರು. ಇವರಾರಿಗೂ ನಮ್ಮಂತೆ ಶನಿವಾರ, ಭಾನುವಾರ ಎರಡೂ ರಜೆ ಇದ್ದಿರಲಿಕ್ಕಿಲ್ಲ.

"ನಾವು ಪರಿಣತರಲ್ಲ" ಅನ್ನೋದು ಮುಂದಿನ ನೆಪ. ಸಂಘ ಬೇಕಿರೋದೇ ಅದಕ್ಕೆ. ನೀವು ಬರೆದದ್ದನ್ನು ಬಲ್ಲವರೊಬ್ಬರು ಓದಿ, "ಇದು ತಪ್ಪು, ಆಧಾರ ತೋರಿಸು" ಅನ್ನುವ ಜಾಗ ಅದು. ಅಭಿಮಾನಿ ಬಳಗದಲ್ಲಿ ಆ ಮಾತು ಹೇಳಿದವನನ್ನೇ ಹೊರಗೆ ಹಾಕ್ತಾರೆ. ರಿವ್ಯೂ ಇಲ್ಲದೆ ಎರಡು ಸಾಲು ಕೋಡ್ ಮರ್ಜ್ ಮಾಡದ ನಾವು ಸಾವಿರ ವರ್ಷದ ಇತಿಹಾಸವನ್ನು ಕಣ್ಣುಮುಚ್ಚಿ ಫಾರ್ವರ್ಡ್ ಮಾಡ್ತೀವಿ!

ನಮ್ಮೂರ ಕೆರೆ ದಂಡೆಯ ವೀರಗಲ್ಲಿನ ಮೇಲೆ ಬಟ್ಟೆ ಒಗೀತಾರೆ. ಕೆಳಗಿನ ಪಟ್ಟಿಯ ಯುದ್ಧ ಸವೆದುಹೋಗಿದೆ. ವೀರನನ್ನು ಸ್ವರ್ಗಕ್ಕೊಯ್ಯುವ ಅಪ್ಸರೆಯರು ಇನ್ನೂ ಉಳಿದಿದ್ದಾರೆ. ಫೋಟೋ ತೆಗೆಯುವಾಗ ಅಜ್ಜ ಒಬ್ರು ಕೇಳಿದ್ರು: "ತಮ್ಮಾ, ಫೋಟೋ ಹೊಡಕೊಂಡು ಏನ್ ಮಾಡಾಂವ?" ಉತ್ತರ ಇರಲಿಲ್ಲ.

ಈಗ ಇದೆ. ತಾಲೂಕಿಗೆ ಇಬ್ಬರಂತೆ ಎಂಟು ಜನ ಬನ್ನಿ. ತಿಂಗಳಿಗೊಂದು ಭಾನುವಾರ, ಒಂದು ಟೇಪು, ಒಂದು ನೋಟ್‌ಬುಕ್. ಊರೂರಿನ ಕಲ್ಲಿನ ಜಾಗ, ಅಳತೆ, ಕೆತ್ತನೆ ದಾಖಲಿಸೋಣ. ಪಾಠ ಹೇಳೋ ಮೇಷ್ಟ್ರನ್ನು, ಶಾಸನ ಓದಬಲ್ಲವರನ್ನು ಕರೆದು ತಿದ್ದಿಸಿಕೊಳ್ಳೋಣ. ವರ್ಷಕ್ಕೊಂದು ಸಂಚಿಕೆ ತಪ್ಪದೆ ತರೋಣ. ಬೋರ್ಡು, ಲೋಗೋ, ಅಧ್ಯಕ್ಷರ ಗಲಾಟೆ ಆಮೇಲೆ ಇದ್ದದ್ದೇ.

ಸೆಲ್ಫಿಗೆ ಬರೋರು ಬೇಡ. ಟೇಪಿನ ಇನ್ನೊಂದು ತುದಿ ಹಿಡಿಯೋರು ಬೇಕು.