ಹಾಲಿನ ಹಾಗೆ ಚಿತ್ರವೂ ಉಕ್ಕೀತು!

ಬೆಳಗಾಗಿ ಫೋನು ಕೈಗೆತ್ತಿಕೊಂಡರೆ ಸಾಕು, ಮುಳಬಾಗಿಲಿನ ಚಿಕ್ಕಮ್ಮನಿಂದ ದೇವರ ಪಟ, ಮಾಲೂರಿನ ಅತ್ತಿಗೆಯಿಂದ ಮೊಮ್ಮಗುವಿನ ಚಿತ್ರ, ಶ್ರೀನಿವಾಸಪುರದ ತೋಟದಿಂದ ಮಾವಿನ ಹೂವು! “ಬರೀ ಚಿತ್ರದಿಂದಲೂ ಫೋನಿಗೆ ಕೇಡಾಗುತ್ತಂತೆ, ಹೌದೇನ್ರೀ?” ಎಂದು ಕೋಲಾರದ ಸೋದರಿಯೊಬ್ಬರು ಕೇಳಿದ್ದಾರೆ. ಅಪರೂಪಕ್ಕಾದರೂ ಹೌದು, ಅಕ್ಕಾ.

ಚಿತ್ರವೊಂದು ಬಂದಾಗ ಅದನ್ನು ಬಿಡಿಸಿ ತೋರಿಸುವ ತಂತ್ರಾಂಶ ಫೋನಿನ ನೆನಪಿನಲ್ಲಿ ‘ಇಷ್ಟು ಸಾಕು’ ಎಂದು ಜಾಗ ಗೊತ್ತುಮಾಡಿಕೊಳ್ಳುತ್ತದೆ. ಪುಟ್ಟ ಪಾತ್ರೆಗೆ ಕಂಠಮಟ್ಟ ಹಾಲು ಸುರಿದು ಒಲೆಯ ಮೇಲಿಟ್ಟರೆ ಏನಾಗುತ್ತೆ? ಉಕ್ಕಿ, ಪಕ್ಕದ ಸಾರಿಗೂ ಬೀಳುತ್ತೆ. ಇಲ್ಲೂ ಹಾಗೆಯೇ. ತಂತ್ರಾಂಶ ಬರೆದವರು ಅಳತೆ ನೋಡುವುದನ್ನು ಒಂದು ಕಡೆ ಮರೆತಿದ್ದರೆ, ಕೇಡಿಗರು ಬೇಕೆಂದೇ ಅಳತೆ ಮೀರುವ ಚಿತ್ರ ಕಳಿಸುತ್ತಾರೆ. ಹೊರಚೆಲ್ಲಿದ್ದು ಪಕ್ಕದಲ್ಲಿದ್ದುದನ್ನು ಅಳಿಸಿ, ಅವರ ಅಪ್ಪಣೆಯನ್ನೇ ಅಲ್ಲಿ ಕೂರಿಸಬಹುದು. ಇದಕ್ಕೆ ‘ಬಫರ್ ಓವರ್‌ಫ್ಲೋ’ ಅಂತ ಹೆಸರು.

ಕಟ್ಟುಕಥೆಯಲ್ಲ ಇದು. 2023ರ ಸೆಪ್ಟೆಂಬರಿನಲ್ಲಿ ‘ವೆಬ್‌ಪಿ’ ಎಂಬ ಬಗೆಯ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಇಂಥದೇ ದೋಷ ಸಿಕ್ಕಿತು. ಕ್ರೋಮ್, ಫೈರ್‌ಫಾಕ್ಸ್, ಇನ್ನೂ ಎಷ್ಟೋ ಆಪ್‌ಗಳು ಅದನ್ನೇ ಬಳಸುತ್ತಿದ್ದವು. ಆಪಲ್‌ನವರೂ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್‌ನವರೂ ತಿಳಿಸಿದ ಕೆಲವೇ ದಿನಗಳಲ್ಲಿ ಗೂಗಲ್ ತೇಪೆ ಹಾಕಿತು. ಅಷ್ಟರಲ್ಲಾಗಲೇ ಕೇಡಿಗರು ಅದನ್ನು ಬಳಸಿಕೊಂಡಿದ್ದರು! ತೇಪೆ ಸಿದ್ಧವಾದರೆ ಸಾಲದು, ನಮ್ಮ ಫೋನಿಗೂ ಬರಬೇಕು. ‘ಅಪ್‌ಡೇಟ್’ ಎನ್ನುವುದು ಇದನ್ನೇ.

ನಾನೂ ‘ಆಮೇಲೆ’ ಎಂದು ಒತ್ತಿ ಒಗ್ಗರಣೆಗೆ ಓಡುತ್ತಿದ್ದವಳೇ. ಈಗ ಹೀಗೆ ಮಾಡುತ್ತೇನೆ, ನೀವೂ ಮಾಡಿ:

* ವಾರಕ್ಕೊಮ್ಮೆ, ಚಾರ್ಜಿಗೆ ಹಾಕಿದಾಗ, ಸೆಟ್ಟಿಂಗ್ಸ್‌ನಲ್ಲಿ ಫೋನಿನ ಅಪ್‌ಡೇಟನ್ನೂ ಪ್ಲೇ ಸ್ಟೋರಿನಲ್ಲಿ ಆಪ್‌ಗಳ ಅಪ್‌ಡೇಟನ್ನೂ ನೋಡಿ.

* ‘ಅಪ್‌ಡೇಟ್ ಮಾಡಿಕೊಳ್ಳಿ’ ಎಂದು ಯಾರಾದರೂ ಲಿಂಕ್ ಕಳಿಸಿದರೆ ಮುಟ್ಟಲೇಬೇಡಿ. ಅದು ತೇಪೆಯಲ್ಲ, ಕತ್ತರಿ.

* ವಾಟ್ಸಾಪ್‌ನಲ್ಲಿ ಚಿತ್ರಗಳು ತಾವಾಗಿಯೇ ಇಳಿಯದಂತೆ ಮಾಡಿಡಿ.

* ಕಂಪನಿಯವರು ಅಪ್‌ಡೇಟ್ ಕಳಿಸುವುದನ್ನು ನಿಲ್ಲಿಸಿರುವ ಹಳೆಯ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಬೇಡ. ಮಕ್ಕಳು ಬಳಸಿ ಬಿಟ್ಟ ಫೋನು ಅಮ್ಮನ ಪಾಲಿಗೆ ಬರುವ ಮನೆಗಳಲ್ಲಿ ಇದನ್ನು ಮರೆಯಬೇಡಿ.

ಹಾಗೆಂದು ಮೊಮ್ಮಗುವಿನ ಚಿತ್ರ ನೋಡಲು ಹೆದರಬೇಕಿಲ್ಲ. ಉಕ್ಕುತ್ತೆ ಅಂತ ಹಾಲು ಕಾಯಿಸುವುದನ್ನೇ ಬಿಟ್ಟವರುಂಟೇ? ಒಲೆಯ ಪಕ್ಕ ನಿಂತು ನೋಡಿಕೊಳ್ಳುತ್ತೇವೆ, ಅಷ್ಟೇ.