ಹೆಂಡತಿ ಹೆಸರು ಸೇರಿಸೋಕೆ ಅಡ್ಡ ಇರೋದು ಟ್ಯಾಕ್ಸ್ ಅಲ್ಲ

ನಮ್ಮ ತಿಪಟೂರು ಕಡೆ ಜಂಟಿ ಖಾತೆ ಮಾತು ಬಂದಾಗಲೆಲ್ಲ ಒಂದೇ ಉತ್ತರ ಕೇಳಿ ಕೇಳಿ ಸಾಕಾಗಿದೆ: "ಮನೆಯವಳ ಹೆಸರು ಪಹಣಿಗೆ ಸೇರಿಸಿದ್ರೆ ಇನ್‌ಕಮ್ ಟ್ಯಾಕ್ಸ್‌ನವರು ಹಿಡ್ಕೋತಾರೆ." ಇದು ಲೆಕ್ಕ ಅಲ್ಲ, ನೆಪ. ಬಿಡಿಸಿ ನೋಡೋಣ.

ಕೊಡೋನ ಕಡೆಯಿಂದ: ದಾನ ಅಂದ್ರೆ ಮಾರಾಟ ಅಲ್ಲ. ಹಾಗಾಗಿ ಕ್ಯಾಪಿಟಲ್ ಗೇನ್ಸ್ ತೆರಿಗೆ ಬರಲ್ಲ. ತಗೊಳ್ಳೋಳ ಕಡೆಯಿಂದ: ಗಂಡ ಕೊಟ್ಟ ದಾನ ಎಷ್ಟೇ ಬೆಲೆಯದಾದ್ರೂ ಆಕೆಯ ಆದಾಯ ಅಂತ ಲೆಕ್ಕ ಹಾಕಲ್ಲ. 50,000 ರೂಪಾಯಿ ಮಿತಿ ಇರೋದು ಸಂಬಂಧಿಕರಲ್ಲದವರು ಕೊಟ್ಟದ್ದಕ್ಕೆ. ಬೆಳೆ ಆದಾಯಕ್ಕಂತೂ ಕೇಂದ್ರದ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ. ಪಹಣಿಲಿ ಹೆಸರು ಒಂದಿರಲಿ, ಎರಡಿರಲಿ.

ಇನ್ನು ನೋಂದಣಿ ಖರ್ಚು. ಹೆಂಡತಿ ಮಕ್ಕಳಿಗೆ ಬರೆಯೋ ದಾನಪತ್ರಕ್ಕೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ನಿಗದಿತ ಮೊತ್ತ, ಅದೂ ಸಾವಿರಗಳ ಲೆಕ್ಕದಲ್ಲಿ. ಅದನ್ನೇ ಯಾರೋ ಮಧ್ಯವರ್ತಿ ಮಾತು ಕೇಳಿ ಕ್ರಯಪತ್ರ ಅಂತ ಬರೆಸಿದ್ರೆ ಮಾರ್ಗಸೂಚಿ ಬೆಲೆ ಮೇಲೆ ಶೇ. 5, ಅದರ ಮೇಲೆ ಸೆಸ್. ಜಮೀನು 20 ಲಕ್ಷದ್ದಾದ್ರೆ ಅರ್ಧ ಪಾಲಿಗೇ 50,000 ರೂಪಾಯಿ ಬರೀ ಮುದ್ರಾಂಕಕ್ಕೆ ಹೋಯ್ತು. ಹೆದರಬೇಕಾದ್ದು ಇದಕ್ಕೆ. ನಾನು ಕೊಂಡ ಎರಡು ಎಕರೆಗೆ ದಾನಪತ್ರ ಮಾಡಿಸಿ ಮನೆಯವಳ ಹೆಸರು ಸೇರಿಸಿದೆ. ಯಾವ ನೋಟಿಸೂ ಬರ್ಲಿಲ್ಲ.

ಇನ್ನೊಂದು ಗುಂಪಿದೆ. "ಹೆಸರು ಸೇರಿಸು, ಟ್ಯಾಕ್ಸ್ ಉಳಿಯುತ್ತೆ" ಅಂತ ಆಸೆ ತೋರ್ಸೋರು. ಅದೂ ಸುಳ್ಳೇ. ರಸ್ತೆ ಪಕ್ಕದ ಗೋದಾಮಿನ ಅರ್ಧ ಹೆಂಡತಿಗೆ ದಾನ ಕೊಟ್ರೂ ಆ ಬಾಡಿಗೆ ಗಂಡನ ಆದಾಯಕ್ಕೇ ಸೇರುತ್ತೆ. ಪೇಟೆ ಹತ್ತಿರದ ಜಮೀನು ಮುಂದೆ ಮಾರಿದ್ರೆ, ಗಂಡ ದಾನ ಕೊಟ್ಟ ಪಾಲಿನ ಲಾಭವೂ ಗಂಡನ ಲೆಕ್ಕಕ್ಕೇ. ಪೇಟೆ ಹತ್ತಿರ ಅಂದ್ರೆ ಇಷ್ಟು: 10,000ಕ್ಕಿಂತ ಹೆಚ್ಚು, 1 ಲಕ್ಷದವರೆಗೆ ಜನ ಇರೋ ಊರಿನ ಗಡಿಯಿಂದ 2 ಕಿ.ಮೀ., 1ರಿಂದ 10 ಲಕ್ಷದ ಊರಾದ್ರೆ 6, ಅದಕ್ಕೂ ದೊಡ್ಡದಾದ್ರೆ 8. ರಸ್ತೆ ಅಳತೆ ಅಲ್ಲ, ನೇರ ಗೆರೆ. ನಮ್ಮ ತಿಪಟೂರಿಗೆ 2, ತುಮಕೂರಿಗೆ 6. ಅದರಾಚೆಯ ಸಾಗುವಳಿ ಜಮೀನು ಮಾರಿದ್ರೂ ಕ್ಯಾಪಿಟಲ್ ಗೇನ್ಸ್ ಇಲ್ಲ.

ನಿಜವಾಗಿ ನೋಡಬೇಕಾದ ವಿಷಯಗಳು ಬೇರೆ. ದಾನ ನೋಂದಣಿ ಆದ ಮೇಲೆ ಮನಸ್ಸು ಬದಲಾಯ್ತು ಅಂತ ವಾಪಸ್ ತಗೊಳ್ಳೋಕಾಗಲ್ಲ. ಬಿಳಿ ಹಾಳೆ ಅರ್ಜಿ ಕೊಟ್ರೆ ಹೆಸರು ಸೇರಲ್ಲ, ಪತ್ರ ನೋಂದಣಿ ಆಗಲೇಬೇಕು. ಸೊಸೈಟಿ ಸಾಲ ಇದ್ರೆ ಮೊದಲು ಅಲ್ಲಿ ಕೇಳಿ. ಸರ್ಕಾರ ಮಂಜೂರು ಮಾಡಿದ ಜಮೀನಾದ್ರೆ ಮಂಜೂರಾತಿ ಷರತ್ತು ಓದಿ. ಪಿತ್ರಾರ್ಜಿತ ಆದ್ರೆ ಒಬ್ಬನೇ ಮನಸ್ಸಿಗೆ ಬಂದಂಗೆ ದಾನ ಬರೆಯೋ ಹಾಗಿಲ್ಲ. ಅದರಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಗಟ್ಟಿಯಾಗಿ ಹೇಳಿದೆ.

ಇಷ್ಟೆಲ್ಲ ತಿಳಿದ ಮೇಲೂ ಹಿಂಜರಿಕೆ ಉಳಿದಿದ್ರೆ, ಅದು ಟ್ಯಾಕ್ಸ್ ಭಯ ಅಲ್ಲ ಸ್ವಾಮಿ, ಯಜಮಾನಿಕೆ ಹೋಗುತ್ತೆ ಅನ್ನೋ ಭಯ. ಹಾಲು ಕರೆಯೋಳು, ಕಳೆ ತೆಗೆಯೋಳು, ತೋಟಕ್ಕೆ ಗೊಬ್ಬರ ಹೊರೋಳು ಆಕೆ. ಬೆಳೆ ಸಾಲ, ಬೆಳೆ ವಿಮೆ, ಬರ ಪರಿಹಾರ ಎಲ್ಲಕ್ಕೂ ಕೇಳೋದು ಪಹಣಿಲಿ ಹೆಸರು ಯಾರದ್ದು ಅಂತ. ನಾಳೆ ನಾವಿಲ್ಲ ಅಂದ್ರೆ ಪೌತಿ ಖಾತೆಗೆ ನಾಡಕಚೇರಿ ಮೆಟ್ಟಿಲು ಹತ್ತೋಳೂ ಆಕೆಯೇ. ದುಡಿಮೆಲಿ ಅರ್ಧಕ್ಕಿಂತ ಹೆಚ್ಚು ಆಕೆಯದು, 9ನೇ ಕಾಲಂನಲ್ಲಿ ಮಾತ್ರ ಪೂರ್ತಿ ನಮ್ಮದು.

ಇಷ್ಟವಿಲ್ಲದಿದ್ರೆ ಇಷ್ಟವಿಲ್ಲ ಅಂತ ಆಕೆ ಮುಂದೆ ನೇರ ಹೇಳಿ. ಟ್ಯಾಕ್ಸ್ ಹೆಸರು ಹೇಳ್ಬೇಡಿ.