ಹಿತ್ತಿಲ ಬೇಲಿಯೂ ಹಾಡುವ ಹಕ್ಕಿಯೂ

ಯುಗಾದಿಯ ಆಸುಪಾಸಿನಲ್ಲಿ ಮಲೆನಾಡಿನ ಮನೆಗಳಲ್ಲಿ ಒಲೆ ಹೊತ್ತುವ ಮೊದಲೇ ಹಾಡೊಂದು ಆರಂಭವಾಗುತ್ತದೆ. ಹಲಸಿನ ಮರದ ತುದಿಯಲ್ಲೋ ಕೊಟ್ಟಿಗೆಯ ಮಾಡಿನ ಮೇಲೋ ಕುಳಿತ ಕಪ್ಪು ಬಿಳುಪಿನ ಗಂಡು ಮಡಿವಾಳ ಹಕ್ಕಿಯ ಹಾಡು ಅದು. ಕೇಳುವ ನಮಗೆ ಅದು ಸುಪ್ರಭಾತ. ಹಾಡುವ ಹಕ್ಕಿಗೆ ತನ್ನ ಎಲ್ಲೆಯ ಘೋಷಣೆ ಮತ್ತು ಸಂಗಾತಿಗೆ ನೀಡುವ ಕರೆ. ಆ ಕರೆಗೆ ಓಗೊಟ್ಟು ಬಂದ ಹೆಣ್ಣಿಗೆ ಗೂಡು ಕಟ್ಟಲು ನಮ್ಮ ಹಿತ್ತಿಲುಗಳಲ್ಲಿ ತಾವು ಉಳಿದಿದೆಯೆ ಎಂಬುದೇ ಈ ಬಾರಿ ನಾವು ಓದುಗರ ಮುಂದಿಡುತ್ತಿರುವ ಪ್ರಶ್ನೆ.

ಹಕ್ಕಿಗಳನ್ನು ಕರೆಯಬೇಕು ಎಂದೊಡನೆ ಅಂಗಳಕ್ಕೆ ಅಕ್ಕಿ ಚೆಲ್ಲುವವರಿದ್ದಾರೆ. ಸದುದ್ದೇಶದ ಕೆಲಸವೇ ಸರಿ. ಆದರೆ ಅಕ್ಕಿಗೆ ಬರುವವು ಬೆಳವ, ಗುಬ್ಬಿಗಳು. ಮಡಿವಾಳ ಹಕ್ಕಿಗೆ ಹುಳು ಬೇಕು, ಪಿಕಳಾರಕ್ಕೆ ಹಣ್ಣು ಬೇಕು, ಸೂರಕ್ಕಿಗೆ ಹೂವಿನ ಮಕರಂದ ಬೇಕು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಹಣ್ಣು ತಿನ್ನುವ ಪಿಕಳಾರವೂ ಮಕರಂದ ಹೀರುವ ಸೂರಕ್ಕಿಯೂ ಮರಿಗಳ ಬಾಯಿಗೆ ಇಡುವುದು ಕಂಬಳಿಹುಳು, ಜೇಡ, ಮೆದು ಕೀಟಗಳನ್ನು. ಸೂರಕ್ಕಿಯ ತೂಗುಗೂಡು ನಿಲ್ಲುವುದೇ ಜೇಡರ ಬಲೆಯ ನೂಲಿನಿಂದ. ಸಿಂಪಿಗ ಹಕ್ಕಿಯೂ ಎಲೆಯನ್ನು ಹೊಲಿಯಲು ಅದನ್ನೇ ಬಳಸುತ್ತದೆ. ಹೀಗಿರುವಾಗ ತೋಟಕ್ಕೆ ಕಳೆನಾಶಕ, ಹೂಗಿಡಕ್ಕೆ ಕೀಟನಾಶಕ ಸಿಂಪಡಿಸಿ, ಬಳಿಕ ಕಾಳಿನ ತಟ್ಟೆಯನ್ನು ತೂಗುಹಾಕಿದರೆ ಏನು ಬಂತು? 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯು, ದೀರ್ಘಕಾಲದ ಏರಿಳಿತವನ್ನು ಅಳೆಯಲು ಸಾಧ್ಯವಾದ 338 ಜಾತಿಗಳ ಪೈಕಿ 204 ಇಳಿಮುಖವಾಗಿವೆ ಎಂದು ಹೇಳಿದೆ. ಹಿತ್ತಿಲಿನ ಹಕ್ಕಿಗಳೆಲ್ಲ ಆ ಪಟ್ಟಿಯಲ್ಲಿಲ್ಲ, ನಿಜ. ಅವು ಅಲ್ಲಿಗೆ ಸೇರುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ.

ಮಡಿವಾಳ ಹಕ್ಕಿ ಪೊಟರೆಯಲ್ಲಿ ಗೂಡು ಮಾಡುತ್ತದೆ, ಆದರೆ ತಾನಾಗಿ ಪೊಟರೆ ಕೊರೆಯಲಾರದು. ಒಣಗಿದ ಮೆದು ಕೊಂಬೆಯಲ್ಲಿ ಕುಟ್ರುಹಕ್ಕಿ ಕೊರೆದು ಬಿಟ್ಟುಹೋದ ತೂತೋ, ಹಳೆಯ ಮಣ್ಣುಗೋಡೆಯ ಸಂದೋ ಅದಕ್ಕೆ ಆಸರೆ. ಒಣಮರವೆಂದರೆ ಸೌದೆ ಎಂದಷ್ಟೇ ಎಣಿಸುವ ನಾವು ಕುಟ್ರುಹಕ್ಕಿಯನ್ನೂ ಅದರ ಹಿಂದೆ ಬರುವ ಬಾಡಿಗೆದಾರರನ್ನೂ ಒಟ್ಟಿಗೆ ಒಕ್ಕಲೆಬ್ಬಿಸುತ್ತೇವೆ. ಪಿಕಳಾರ, ಸಿಂಪಿಗಗಳಿಗೆ ಬೇಕಾದುದು ದಟ್ಟವಾದ ಪೊದೆ. ದಾಸವಾಳ, ಲಕ್ಕಿ, ಕೇಪಳಗಳು ಹೆಣೆದುಕೊಂಡಿದ್ದ ಹಸಿರು ಬೇಲಿಗಳ ಜಾಗಕ್ಕೆ ಈಗ ಮುಳ್ಳುತಂತಿ ಮತ್ತು ಸಿಮೆಂಟಿನ ಗೋಡೆಗಳು ಬಂದಿವೆ. ತಂತಿಯ ಮೇಲೆ ಹಕ್ಕಿ ಕೂರಬಹುದು, ಸಂಸಾರ ಹೂಡಲಾಗದು.

ಪರರಿಗೆ ಬುದ್ಧಿ ಹೇಳುವ ಮೊದಲು ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. ಕಳೆದ ಬೇಸಗೆಯಲ್ಲಿ ಮನೆಯ ಸಮಾರಂಭಕ್ಕೆಂದು ಈ ಸಂಪಾದಕೀಯ ಬರೆಯುವವನೇ ನಿಂತು ದಾಸವಾಳದ ಬೇಲಿಯನ್ನು ಸವರಿಸಿದ. ಬಿದ್ದ ಸೊಪ್ಪಿನ ನಡುವೆ ಪಿಕಳಾರದ ಬಟ್ಟಲುಗೂಡು, ಅದರಲ್ಲಿ ಎರಡು ಮರಿ. ಗೂಡನ್ನು ಉಳಿದ ಗಿಡಕ್ಕೆ ಕಟ್ಟಿದೆವು. ಮರೆಯಿಲ್ಲದ ಗೂಡನ್ನು ಸಂಜೆಯೊಳಗೆ ಕೆಂಬೂತ ಪತ್ತೆಹಚ್ಚಿತು. ಮರುದಿನ ಬೆಳಿಗ್ಗೆಯೂ ಜೋಡಿ ಹಕ್ಕಿಗಳು ಕೊಕ್ಕಿನಲ್ಲಿ ಹುಳು ಹಿಡಿದು ಕಡಿದ ಬೇಲಿಯ ಮೇಲೆ ಹಾರಾಡುತ್ತಿದ್ದವು. ಮೊಟ್ಟೆ ಇಟ್ಟಲ್ಲಿಂದ ಮರಿ ಗೂಡು ಬಿಡುವವರೆಗೆ ಪಿಕಳಾರಕ್ಕೆ ಒಂದು ತಿಂಗಳೂ ಬೇಡ. ನಾವು ಎರಡು ವಾರ ತಡೆದಿದ್ದರೆ ಸಾಕಿತ್ತು.

ಆದ್ದರಿಂದ ನಮ್ಮ ಮೊದಲ ವಿನಂತಿ ಕತ್ತಿಯ ಕಾಲದ ಕುರಿತಾದುದು. ಮಳೆಗಾಲದ ಸಿದ್ಧತೆಯ ಹೆಸರಿನಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೇಲಿ ಸವರುವ ವಾಡಿಕೆಯನ್ನು ಬಿಟ್ಟು, ನವರಾತ್ರಿಗೂ ದೀಪಾವಳಿಗೂ ನಡುವೆ ಆ ಕೆಲಸ ಮುಗಿಸೋಣ. ಮನೆಗೆ ಅಪಾಯವಿಲ್ಲದ ಒಂದು ಒಣಮರವನ್ನಾದರೂ ನಿಲ್ಲಗೊಡೋಣ. ಅದಿಲ್ಲದ ಕಡೆ ದಪ್ಪ ಬಿದಿರಿನ ಅಂಡೆಯನ್ನೋ ಹಳೆಯ ಹಲಗೆಯ ಪೆಟ್ಟಿಗೆಯನ್ನೋ ಬೆಕ್ಕು ಏರದ ಎತ್ತರದಲ್ಲಿ, ನೆರಳಿನಲ್ಲಿ ಕಟ್ಟಬಹುದು. ನೀರು ಬಸಿಯಲು ತಳದಲ್ಲಿ ಸಣ್ಣ ತೂತಿರಲಿ. ಬಾಯಿಯ ಮುಂದೆ ಕೂರುವ ಕಡ್ಡಿ ಬೇಡ, ಅದು ಕಾಗೆಗೆ ಮೆಟ್ಟಿಲಾಗುತ್ತದೆ. ಮಣ್ಣಿನ ಅಗಲ ತಟ್ಟೆಯಲ್ಲಿ ಎರಡು ಬೆರಳಿನಷ್ಟು ನೀರಿಟ್ಟು ದಿನವೂ ಬದಲಿಸಿದರೆ ಕುಡಿಯಲೂ ಮೀಯಲೂ ಆದೀತು. ಹೊಸ ಬೇಲಿಗೆ ಮೇಲೆ ಹೇಳಿದ ಗಿಡಗಳೇ ಸಾಕು. ಹಕ್ಕಿ ಹಣ್ಣು ತಿನ್ನುತ್ತದೆಂದು ಲಂಟಾನವನ್ನು ಮಾತ್ರ ಬೆಳೆಸಬೇಡಿ: ಅದರ ಬೀಜವನ್ನು ಕಾಡಿನೊಳಕ್ಕೆ ಹೊತ್ತೊಯ್ದು ಬಿತ್ತುವುದು ಇದೇ ಪಿಕಳಾರಗಳು. ಇನ್ನು ಬೆಕ್ಕಿನ ವಿಷಯ. ಮರಿ ಹಾರಲು ಕಲಿಯುವ ನಾಲ್ಕಾರು ದಿನ ಅದನ್ನು ಒಳಗೆ ಕೂಡಿಹಾಕುವುದು ಸುಲಭವಲ್ಲ, ಆದರೂ ಬೇರೆ ದಾರಿಯಿಲ್ಲ.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ಗೂಡು ಕಂಡೊಡನೆ ಮೊಬೈಲ್ ಹಿಡಿದು ಹತ್ತಿರ ಹೋಗಿ, ಅಡ್ಡವಾದ ಎಲೆಗಳನ್ನು ಕಿತ್ತು ಚಿತ್ರ ತೆಗೆಯುವ ಚಪಲ ಬೇಡ. ಆ ಎಲೆಗಳೇ ಗೂಡಿನ ಬಾಗಿಲು. ನಾವು ತೆರೆದ ಬಾಗಿಲಿನಿಂದಲೇ ಕಾಗೆ, ಕೆಂಬೂತಗಳು ಒಳನುಗ್ಗುತ್ತವೆ. ದೂರದಲ್ಲಿ ಕುಳಿತು ಒಂದು ಗಂಟೆಯಲ್ಲಿ ತಾಯ್ತಂದೆಗಳು ಎಷ್ಟು ಸಲ ಆಹಾರ ತಂದವು, ಏನನ್ನು ತಂದವು, ಗೂಡು ಯಾವ ಗಿಡದಲ್ಲಿದೆ ಎಂದು ದಿನಾಂಕ ಸಹಿತ ನೋಟ್ ಪುಸ್ತಕದಲ್ಲಿ ಬರೆದಿಡಿ. ಗೂಡು ಕೆಟ್ಟರೆ ಅದನ್ನೂ ಬರೆಯಿರಿ. ಮಳೆಗಾಲ ಕಳೆದ ಮೇಲೆ ನಮಗೆ ಕಳುಹಿಸಿದರೆ ನಿಮ್ಮ ಊರಿನ ಹೆಸರಿನೊಂದಿಗೆ ಪ್ರಕಟಿಸುತ್ತೇವೆ.